14 ವರ್ಷ ನಿಂತಿದ್ದ ಯೆಜ್ಡಿ ರೋಡ್‌ಕಿಂಗ್: ಯಾವ ಭಾಗವನ್ನು ನಾವೇ ಮಾಡಿಕೊಳ್ಳಬಹುದು, ಯಾವುದಕ್ಕೆ ಹಣ ಕೊಡಲೇಬೇಕು?

ತಿಪಟೂರು_ರೋಡ್‌ಕಿಂಗ್

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1984ರಲ್ಲಿ ಹೊಸದಾಗಿ ಕೊಂಡ ಯೆಜ್ಡಿ ರೋಡ್‌ಕಿಂಗ್ ನಮ್ಮ ತೋಟದ ಮನೆಯ ಕೊಬ್ಬರಿ ಅಟ್ಟದ ಕೆಳಗೆ 14 ವರ್ಷಗಳಿಂದ ನಿಂತಲ್ಲೇ ನಿಂತಿದೆ. ಕೊನೆಯ ಸಲ ನಿಲ್ಲಿಸಿದಾಗ ಅದು ಓಡುವ ಸ್ಥಿತಿಯಲ್ಲಿಯೇ ಇತ್ತು. ಈಗ ಕಿಕ್ ಕೆಳಗೆ ಹೋಗುವುದಿಲ್ಲ, ಎಂಜಿನ್ ಹಿಡಿದುಕೊಂಡಿದೆ. ಟ್ಯಾಂಕಿನ ಒಳಗೆ ತುಕ್ಕು ಪುಡಿಪುಡಿಯಾಗಿ ಉದುರುತ್ತಿದೆ. ಎಡಬದಿಯ ಪೆಟ್ಟಿಗೆಯ ಮುಚ್ಚಳ ಕಳೆದುಹೋಗಿದೆ, ಬಲಬದಿಯದು ತುಕ್ಕು ತಿಂದು ಜಾಲರಿಯಂತಾಗಿದೆ. ಸೀಟಿನ ತಳದ ತಗಡು ಕೈಯಿಂದ ಒತ್ತಿದರೆ ಮುರಿಯುತ್ತದೆ. ಬೆಂಡಾಗಿರುವ ಹ್ಯಾಂಡಲ್, ಎಳೆದರೆ ಅಲುಗದ ಕೇಬಲ್‌ಗಳು, ಬಿರುಕು ಬಿಟ್ಟ ಟಯರ್‌ಗಳು ಬೇರೆ.

ನನ್ನ ಬಳಿ ಒಟ್ಟು 40,000 ರೂಪಾಯಿ ಇದೆ. ಅದರಲ್ಲಿಯೇ ಟಯರ್, ಬಣ್ಣ, ಕಾಗದಪತ್ರಗಳೆಲ್ಲ ಮುಗಿಯಬೇಕು. ಗೇಟು, ಕಿಟಕಿ ಸರಳುಗಳ ಕೆಲಸ ಮಾಡುವ ಚಿಕ್ಕ ಅಂಗಡಿ ನಮ್ಮದಾಗಿರುವುದರಿಂದ ಆರ್ಕ್ ವೆಲ್ಡಿಂಗ್ ಸೆಟ್, ಗ್ರೈಂಡರ್, ವೈಸ್, ಡ್ರಿಲ್ಲಿಂಗ್ ಯಂತ್ರ ಇವೆ, ಅವುಗಳನ್ನು ಬಳಸುವ ಅಭ್ಯಾಸವೂ ಇದೆ. ಊರಿನಲ್ಲಿ ಬೋರ್‌ವೆಲ್ ಪಂಪುಗಳ ಬುಷ್, ಶಾಫ್ಟ್‌ಗಳನ್ನು ಕಡೆದುಕೊಡುವ ಒಳ್ಳೆಯ ಲೇತ್ ಒಂದಿದೆ. ಆದ್ದರಿಂದ ಸಾಧ್ಯವಾದಷ್ಟು ಭಾಗಗಳನ್ನು ನಾನೇ ತಯಾರಿಸಿಕೊಂಡು ಖರ್ಚನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕೆಂದಿದ್ದೇನೆ. ಮುಚ್ಚಳ, ಸೀಟಿನ ತಳ, ಕೇಬಲ್, ಗ್ಯಾಸ್ಕೆಟ್ (ಎರಡು ಭಾಗಗಳ ಸಂದಿಯಲ್ಲಿ ಸೋರದಂತೆ ಹಾಕುವ ಹಾಳೆ), ಮುಕ್ಕಾಲು ಅಂಗುಲದ ಪೈಪಿನಿಂದ ಒಂದು ಹ್ಯಾಂಡಲ್, ಇವಿಷ್ಟು ನನ್ನ ಪಟ್ಟಿಯಲ್ಲಿವೆ. ಚೇಸಿಸ್‌ನ ಹಿಂಭಾಗವನ್ನು ಕತ್ತರಿಸಿ ಒಬ್ಬರೇ ಕೂರುವ ಗಿಡ್ಡ ಸೀಟು ಮಾಡಿದರೆ ಗಾಡಿ ಹಗುರವಾಗಿ, ಅಂದವಾಗಿ ಕಾಣುತ್ತದೆಂಬ ಯೋಚನೆಯೂ ಇದೆ.

ಈ ಪಟ್ಟಿಯಲ್ಲಿ ಯಾವುದು ಸರಿ, ಯಾವುದು ತಪ್ಪು, ಮೊದಲು ಯಾವುದಕ್ಕೆ ಕೈ ಹಾಕಬೇಕು ಎಂಬುದನ್ನು ಅನುಭವ ಇರುವವರು ತಿಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲು ಬಣ್ಣ ಹೊಡೆಸಿಬಿಟ್ಟರೆ ಉಳಿದ ಕೆಲಸಕ್ಕೆ ಹುರುಪು ಬರುತ್ತದೆ ಎಂದು ಸ್ನೇಹಿತರು ಹೇಳುತ್ತಿದ್ದಾರೆ.

ಲೇತ್_ಮೈಕ್ರೋಮೀಟರ್, ಮೈಸೂರು

ನಮಸ್ಕಾರ. ನಾನು ಐ.ಟಿ.ಐ.ಯಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿದ್ದು ಈಗ ನಿವೃತ್ತನಾಗಿದ್ದೇನೆ. ನಿಮ್ಮ ಗಾಡಿ ಹುಟ್ಟಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಈ ಊರಿನಲ್ಲಿ ಈ ಗಾಡಿಗಳನ್ನು ಬಿಚ್ಚಿ ಜೋಡಿಸುವ ಕೈಗಳು ಉಳಿದಿವೆ. ಅಂಥವರಿಂದ ಕಲಿತು ನಾನು ಒಂದು ಜಾವಾ, ಎರಡು ಯೆಜ್ಡಿಗಳನ್ನು ಕಟ್ಟಿದ್ದೇನೆ. ಒಂದು ಎಚ್ಚರಿಕೆಯನ್ನು ಮೊದಲೇ ಹೇಳುತ್ತೇನೆ: 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಬಂದ ಗಾಡಿಗಳು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್‌ನವು. ಹೆಸರು ಒಂದೇ ಎಂದು ಅವುಗಳ ಎಂಜಿನ್ ಭಾಗಗಳನ್ನು ಹುಡುಕಿಕೊಂಡು ಹೋಗಬೇಡಿ.

ಬಣ್ಣವನ್ನು ಕೊನೆಗೆ ಇಡಿ. ಹೊಸ ಬಣ್ಣದ ಚೇಸಿಸ್‌ಗೆ ಎಂಜಿನ್ ಅನ್ನು ಮೂರು ಸಲ ಇಳಿಸಿ ಏರಿಸಿದರೆ, ಕಾರ್ಬ್ಯುರೇಟರ್‌ನಿಂದ ನಾಲ್ಕು ಹನಿ ಪೆಟ್ರೋಲ್ ಸುರಿದರೆ ಆ ಹಣ ಹೋಯಿತು. ನಿಮ್ಮ 40,000ದಲ್ಲಿ ಅರ್ಧದಷ್ಟನ್ನು ಎಂಜಿನ್‌ನ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಎತ್ತಿಡಿ.

ಹಿಡಿದುಕೊಂಡಿರುವ ಎಂಜಿನ್‌ಗೆ ಕಾಲಿನಿಂದ ಬಲ ಹಾಕಬೇಡಿ. ಪ್ಲಗ್ ಬಿಚ್ಚಿ, ಸೀಮೆಎಣ್ಣೆಗೆ ಟೂಟಿ ಎಣ್ಣೆ (ಟೂ ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲಿಗೆ ಬೆರೆಸುವ 2T ಎಣ್ಣೆ) ಬೆರೆಸಿ ಸಿಲಿಂಡರ್‌ಗೆ ಸುರಿದು ಒಂದು ವಾರ ಬಿಡಿ, ದಿನವೂ ಒಂದಿಷ್ಟು ಸೇರಿಸಿ. ಆಮೇಲೆ ಹೆಡ್ ಬಿಚ್ಚಿ, ಪಿಸ್ಟನ್ ತಲೆಯ ಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಸಿಲಿಂಡರ್ ಹೊರಗೆ ಎಳೆಯುವಾಗ ಅದನ್ನು ಎಡಬಲಕ್ಕೆ ತಿರುಗಿಸಬಾರದು. ಟೂ ಸ್ಟ್ರೋಕ್ ಪಿಸ್ಟನ್‌ನ ರಿಂಗ್‌ಗಳು ಸಣ್ಣ ಪಿನ್‌ಗಳಿಂದ ಒಂದೇ ಜಾಗದಲ್ಲಿ ನಿಂತಿರುತ್ತವೆ. ತಿರುಗಿಸಿದರೆ ರಿಂಗ್‌ನ ತುದಿ ಪೋರ್ಟ್‌ನೊಳಗೆ, ಅಂದರೆ ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಹಾಯುವ ಕಿಂಡಿಯೊಳಗೆ, ಚಿಮ್ಮಿ ಸಿಕ್ಕಿಹಾಕಿಕೊಳ್ಳುತ್ತದೆ.

ಪಿಸ್ಟನ್ ಸಡಿಲವಾಯಿತು, ಎಂಜಿನ್ ತಿರುಗುತ್ತಿದೆ ಎಂದು ಅಲ್ಲಿಗೇ ನಿಲ್ಲಿಸುವುದು ಬಹಳ ಮಂದಿ ಮಾಡುವ ತಪ್ಪು. 14 ವರ್ಷ ತೇವದಲ್ಲಿ ನಿಂತ ಕ್ರ್ಯಾಂಕ್ (ಪಿಸ್ಟನ್‌ನ ಏರಿಳಿತವನ್ನು ತಿರುಗಾಟವಾಗಿಸುವ ಶಾಫ್ಟ್) ಬೇರಿಂಗ್‌ಗಳಲ್ಲಿ ತುಕ್ಕಿನ ಚುಕ್ಕೆಗಳು ಇದ್ದೇ ಇರುತ್ತವೆ, ರಬ್ಬರಿನ ಆಯಿಲ್ ಸೀಲ್‌ಗಳು ಕಲ್ಲಿನಂತಾಗಿರುತ್ತವೆ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಕೋಣೆಯೇ ಗಾಳಿ ಮತ್ತು ಪೆಟ್ರೋಲನ್ನು ಸಿಲಿಂಡರ್‌ಗೆ ನೂಕುವ ಪಂಪು. ಎಡಬದಿಯ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಎಣ್ಣೆಯನ್ನು ಒಳಗೆಳೆದುಕೊಂಡು ಬಿಳಿ ಹೊಗೆ ಕಾರುತ್ತದೆ. ಅದು ಕಣ್ಣಿಗೆ ಕಾಣುವ ರೋಗ. ಬಲಬದಿಯ, ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಲು ತೆರೆದು ಮುಚ್ಚುವ ಸ್ವಿಚ್) ಕಡೆಯ ಸೀಲ್ ಹೋದರೆ ಬರೀ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಿಶ್ರಣ ತೆಳುವಾಗಿ, ಎಣ್ಣೆ ಸಾಲದೆ, ಹೊಸ ಪಿಸ್ಟನ್ ಕೆಲವೇ ದಿನಗಳಲ್ಲಿ ಸೀಜ್ ಆಗುತ್ತದೆ, ಅಂದರೆ ಸಿಲಿಂಡರ್‌ನಲ್ಲಿ ಹಿಡಿದುಕೊಳ್ಳುತ್ತದೆ. ನನ್ನ ಮೊದಲ ಯೆಜ್ಡಿಯಲ್ಲಿ ನಾನು ಹಳೆಯ ಸೀಲ್ ಉಳಿಸಿ ಒಂದು ಪಿಸ್ಟನ್ ಕಳೆದುಕೊಂಡೆ. ಆದ್ದರಿಂದ ಎಂಜಿನ್ ಪೂರ್ತಿ ಬಿಚ್ಚಿ ಬೇರಿಂಗ್, ಸೀಲ್‌ಗಳನ್ನು ಹೊಸದು ಹಾಕಿಸಿ. ಕನೆಕ್ಟಿಂಗ್ ರಾಡ್ ಬದಲಾಯಿಸಬೇಕಾದರೆ ಅದನ್ನು ಪ್ರೆಸ್ ಇರುವ, ಎರಡು ಸೆಂಟರ್‌ಗಳ ನಡುವೆ ಕ್ರ್ಯಾಂಕ್ ಇಟ್ಟು ಡಯಲ್ ಗೇಜ್‌ನಲ್ಲಿ ಓಟ (ತಿರುಗುವಾಗಿನ ಓಲಾಟ) ನೋಡಿ ನೇರ ಮಾಡುವವರ ಕೈಗೇ ಕೊಡಬೇಕು. ಸುತ್ತಿಗೆಯಿಂದ ಆಗುವ ಕೆಲಸ ಅದಲ್ಲ.

ಬೋರ್ ಮಾಡಿಸುವುದನ್ನು, ಅಂದರೆ ಸಿಲಿಂಡರ್‌ನ ಒಳಗೋಡೆಯನ್ನು ಹೊಸ ಪಿಸ್ಟನ್‌ನ ಅಳತೆಗೆ ಕೊರೆಸುವುದನ್ನು, ಪಂಪಿನ ಲೇತ್‌ಗೆ ಒಪ್ಪಿಸಬೇಡಿ. ಅದಕ್ಕೆ ಬೋರಿಂಗ್ ಬಾರ್ ಮತ್ತು ಕೊರೆದ ಗೋಡೆಯನ್ನು ಉಜ್ಜಿ ನಯಮಾಡುವ ಹೋನಿಂಗ್ ಯಂತ್ರ ಎರಡೂ ಇರುವ ಅಂಗಡಿ ಬೇಕು. ಪಿಸ್ಟನ್‌ಗಳು 0.25 ಮಿ.ಮೀ.ನಂತೆ ಹೆಚ್ಚುತ್ತ ಹೋಗುವ ಅಳತೆಗಳಲ್ಲಿ ಸಿಗುತ್ತವೆ. ಮೊದಲು ಪಿಸ್ಟನ್ ಕೊಂಡು, ಅದನ್ನು ಬೋರಿಂಗ್ ಅಂಗಡಿಗೆ ಕೊಟ್ಟು, ಅದರ ಅಳತೆಗೆ ತಕ್ಕಂತೆ ಸಿಲಿಂಡರ್ ಕೊರೆಸಬೇಕು. ಡಬ್ಬದ ಮೇಲಿನ ಅಂಕಿಯನ್ನು ನಂಬಿ ಮೊದಲೇ ಕೊರೆಸಿದರೆ ಪಿಸ್ಟನ್ ಬಿಗಿಯಾದರೂ ಆಗಬಹುದು, ಲೊಡಲೊಡ ಎಂದರೂ ಎನ್ನಬಹುದು.

ಗ್ಯಾಸ್ಕೆಟ್‌ಗಳನ್ನು ಖಂಡಿತ ನೀವೇ ಕತ್ತರಿಸಿಕೊಳ್ಳಬಹುದು. ಆದರೆ ಸಿಲಿಂಡರ್‌ನ ಬುಡದ ಗ್ಯಾಸ್ಕೆಟ್ ವಿಷಯದಲ್ಲಿ ದಪ್ಪವೇ ಮುಖ್ಯ. ಮೂಲ ಗ್ಯಾಸ್ಕೆಟ್‌ನ ತುಂಡೊಂದು ಉಳಿದಿದ್ದರೆ ಮೈಕ್ರೋಮೀಟರ್‌ನಲ್ಲಿ ಅಳೆದು ಅಷ್ಟೇ ದಪ್ಪದ ಹಾಳೆ ತನ್ನಿ. ದಪ್ಪ ಹಾಳೆ ಹಾಕಿದರೆ ಸಿಲಿಂಡರ್ ಮೇಲೇಳುತ್ತದೆ, ಅದರ ಜೊತೆಗೆ ಎಲ್ಲ ಪೋರ್ಟ್‌ಗಳೂ ಮೇಲೇಳುತ್ತವೆ, ಕಂಪ್ರೆಷನ್ ಇಳಿಯುತ್ತದೆ. ಕ್ರ್ಯಾಂಕ್ ಕೋಣೆಯಿಂದ ಮಿಶ್ರಣ ಮೇಲೇರುವ ಟ್ರಾನ್ಸ್‌ಫರ್ ಪೋರ್ಟ್‌ನ ಬಾಯಿಗೆ ಗ್ಯಾಸ್ಕೆಟ್‌ನ ಅಂಚು ಚಾಚಿಕೊಳ್ಳದಂತೆ ಬ್ಲೇಡಿನಿಂದ ಸರಿಪಡಿಸಿ.

ಎಂಜಿನ್ ಜೋಡಿಸಿದ ಮೇಲೆ ಚೇಸಿಸ್‌ಗೆ ಏರಿಸುವ ಮೊದಲು ಮಾಡಲೇಬೇಕಾದ ಒಂದು ಪರೀಕ್ಷೆಯಿದೆ. ಅದರ ಸಾಧನವನ್ನು ನೀವೇ ಮಾಡಿಕೊಳ್ಳಬಹುದು. ಕಾರ್ಬ್ಯುರೇಟರ್ ಕೂರುವ ಜಾಗಕ್ಕೆ ಸರಿಯಾಗಿ 6 ಮಿ.ಮೀ. ದಪ್ಪದ ಒಂದು ಪಟ್ಟಿ ಕತ್ತರಿಸಿ, ಮಧ್ಯದಲ್ಲಿ ತೂತು ಕೊರೆದು, ಮೋಟಾರ್‌ಸೈಕಲ್ ಟ್ಯೂಬಿನ ವಾಲ್ವನ್ನು ನಟ್ ಹಾಕಿ ಬಿಗಿಯಿರಿ, ಕೆಳಗೆ ಟ್ಯೂಬಿನ ರಬ್ಬರನ್ನೇ ಗ್ಯಾಸ್ಕೆಟ್ ಮಾಡಿ. ನಿಮ್ಮ ಸಿಲಿಂಡರ್‌ಗೆ ಹೊಗೆಯ ಬಾಯಿ ಎರಡು. ಎರಡನ್ನೂ ರಬ್ಬರ್ ಮತ್ತು ತಗಡಿನಿಂದ ಮುಚ್ಚಿ. ಪ್ಲಗ್ ಹಾಕಿರಲಿ. ಕೈಪಂಪಿನಿಂದ 6 ಪಿ.ಎಸ್.ಐ. (ಟಯರ್ ಗಾಳಿ ಅಳೆಯುವ ಅದೇ ಒತ್ತಡದ ಮಾನ) ಮಾತ್ರ ಗಾಳಿ ತುಂಬಿ. ಅದಕ್ಕಿಂತ ಹೆಚ್ಚು ತುಂಬಿದರೆ ಹೊಸ ಸೀಲ್‌ಗಳೇ ಜರುಗಬಹುದು. ಕಡಿಮೆ ಒತ್ತಡವನ್ನು ತೋರಿಸುವ ಗೇಜ್ ಇರಬೇಕು, ಟಯರ್ ಗೇಜ್ ಇದಕ್ಕೆ ಸಾಲದು. ಒಂದು ನಿಮಿಷಕ್ಕೆ 1 ಪಿ.ಎಸ್.ಐ.ಗಿಂತ ಹೆಚ್ಚು ಇಳಿದರೆ ಸೋಪಿನ ನೀರು ಬಳಿಯುತ್ತ ಹೋಗಿ. ಗುಳ್ಳೆ ಎಲ್ಲಿ ಬರುತ್ತದೋ ಅಲ್ಲಿ ರೋಗವಿದೆ. ಈ ಪರೀಕ್ಷೆಗೆ ನೂರಿನ್ನೂರು ರೂಪಾಯಿಯ ಸಾಮಾನು ಸಾಕು, ಅದು ಉಳಿಸುವುದು ಒಂದು ಪಿಸ್ಟನ್ ಮತ್ತು ಒಂದು ಬೋರಿಂಗ್.

ಪಾಯಿಂಟ್‌ಗಳ ಅಂತರ 0.4 ಮಿ.ಮೀ. ಇರಲಿ. ಬೆಂಕಿಯ ಸಮಯ ಹಿಡಿಯಲು ಹಳೆಯ ಪ್ಲಗ್ ಒಂದರ ಪಿಂಗಾಣಿಯನ್ನು ಒಡೆದು ತೆಗೆದು, ಉಳಿದ ಲೋಹದ ಭಾಗದೊಳಗೆ ಬಿಗಿಯಾಗಿ ಜಾರುವ ಉಕ್ಕಿನ ಕಡ್ಡಿಯೊಂದನ್ನು ಕೂರಿಸಿಕೊಂಡರೆ ಪಿಸ್ಟನ್ ತುತ್ತತುದಿಗೆ ಬರುವ ಜಾಗವೂ ಅದಕ್ಕಿಂತ ಎಷ್ಟು ಮಿ.ಮೀ. ಮೊದಲು ಪಾಯಿಂಟ್ ತೆರೆಯುತ್ತದೆ ಎಂಬುದೂ ಸಿಗುತ್ತವೆ. ಅಳತೆಯನ್ನು ನಿಮ್ಮ ಮಾದರಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಯೆಜ್ಡಿಯ ಇನ್ನೊಂದು ಮಾದರಿಯಾದ ಕ್ಲಾಸಿಕ್‌ನ ಅಳತೆಯನ್ನು ರೋಡ್‌ಕಿಂಗ್‌ಗೆ ಹಾಕಬೇಡಿ. ಹೊಸ ಪಿಸ್ಟನ್ ಪಳಗುವ ತನಕ ನಾನು ಲೀಟರಿಗೆ 50 ಮಿ.ಲೀ. ಟೂಟಿ ಎಣ್ಣೆ ಹಾಕುತ್ತೇನೆ, ಆಮೇಲೆ 40.

ತಗಡಿನ_ಕೆಲಸ, ಹುಬ್ಬಳ್ಳಿ

ಎಂಜಿನ್ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಟಿಂಕರಿಂಗ್ (ವಾಹನಗಳ ತಗಡು ರಿಪೇರಿ) ಕೆಲಸದಲ್ಲಿ 20 ವರ್ಷ ಕಳೆದವನಾದ್ದರಿಂದ ಹೊರಗಿನ ಭಾಗಗಳ ಬಗ್ಗೆ ಬರೆಯುತ್ತೇನೆ.

ಒಂದು ಭಾಗವನ್ನು ಮನೆಯಲ್ಲಿ ಮಾಡಬಹುದೇ ಎಂದು ಕೇಳಿದಾಗ ನಾನು ನೋಡುವುದು ಒಂದನ್ನೇ: ಅದು ಓಡುವಾಗ ಮುರಿದರೆ ಸವಾರ ಬೀಳುತ್ತಾನೆಯೇ? ನಿಮ್ಮ ಪಟ್ಟಿಯಲ್ಲಿರುವ ಹ್ಯಾಂಡಲ್ ಮುರಿದರೆ ಬೀಳುತ್ತಾನೆ. ನೀರಿನ ಜಿ.ಐ. ಪೈಪನ್ನು ಬೆಂಡ್ ಮಾಡಿದಾಗ ಅದರ ಬೆಸುಗೆಯ ಗೆರೆಯಲ್ಲಿ ಕಣ್ಣಿಗೆ ಕಾಣದ ಸೀಳು ಬೀಳಬಹುದು. ಟೂ ಸ್ಟ್ರೋಕ್ ಎಂಜಿನ್‌ನ ನಡುಕಕ್ಕೆ ಆ ಸೀಳು ಬೆಳೆಯುತ್ತ ಹೋಗಿ ಒಂದು ದಿನ ಕ್ಲಾಂಪಿನ ಹತ್ತಿರವೇ ತುಂಡಾಗುತ್ತದೆ. ಅದನ್ನು ಪಟ್ಟಿಯಿಂದ ತೆಗೆದುಹಾಕಿ, ಗುಜರಿಯಲ್ಲಿ ನೇರವಾಗಿರುವ ಮೂಲ ಹ್ಯಾಂಡಲ್ ಹುಡುಕಿ. ಬ್ರೇಕ್ ಕೇಬಲ್, ಬ್ರೇಕ್ ರಾಡ್, ಚಕ್ರದ ಆಕ್ಸಲ್, ಕಡ್ಡಿಗಳು, ಫೋರ್ಕ್ ಇವೆಲ್ಲ ಇದೇ ಗುಂಪಿಗೆ ಸೇರುತ್ತವೆ. ಬ್ರೇಕ್ ಶೂಗಳಿಗೆ ಹೊಸ ಲೈನರ್ ಹಾಕಿಸುವುದನ್ನು ಮಾತ್ರ ಲೈನರ್ ಅಂಗಡಿಯವರಿಂದ ಕಡಿಮೆ ಖರ್ಚಿನಲ್ಲಿ ಮಾಡಿಸಬಹುದು. ಲೋಹದ ಬುಷ್ ಇರುವ ಕಡೆಗಳಲ್ಲಿ ನಿಮ್ಮ ಲೇತ್‌ನವರು ಗನ್ ಮೆಟಲ್ (ಒಂದು ಬಗೆಯ ಕಂಚು) ಬುಷ್ ಕಡೆದುಕೊಡಲಿ. ಆದರೆ ಒತ್ತಿ ಕೂರಿಸಿದಾಗ ಬುಷ್‌ನ ಒಳಗಿನ ತೂತು ಕಿರಿದಾಗುತ್ತದೆ, ಕೂರಿಸಿದ ಮೇಲೆ ರೀಮರ್ (ತೂತನ್ನು ಸವರಿ ಅಗಲಿಸುವ ಸಾಧನ) ಹಾಯಿಸಿ ಅಳತೆಗೆ ತರಬೇಕೆಂದು ನೆನಪಿಸಿ.

ಕ್ಲಚ್ ಕೇಬಲ್ ನೀವೇ ಮಾಡಿಕೊಳ್ಳಬಹುದು. ತಂತಿಯ ತುದಿಯನ್ನು ನಿಪ್ಪಲ್‌ನೊಳಗೆ (ಲಿವರ್‌ಗೆ ಸಿಕ್ಕಿಸುವ ಲೋಹದ ಗುಂಡಿಯೊಳಗೆ) ತೂರಿಸಿ ಹಾಗೆಯೇ ಬೆಸೆದರೆ ಎಳೆದಾಗ ಕಳಚಿಬರುತ್ತದೆ. ತೂರಿಸಿದ ಮೇಲೆ ಎಳೆಗಳನ್ನು ಹೂವಿನಂತೆ ಬಿಡಿಸಿ, ಫ್ಲಕ್ಸ್ ಹಚ್ಚಿ, ಕರಗಿದ ಸೀಸದ ಬೆಸುಗೆಯಲ್ಲಿ ಅದ್ದಿ, ಆಮೇಲೆ ನಿಪ್ಪಲ್‌ನ ಆಕಾರಕ್ಕೆ ಅರದಿಂದ ಉಜ್ಜಬೇಕು.

ಪಕ್ಕದ ಮುಚ್ಚಳಗಳು ನಿಮ್ಮ ಕೈಗೆ ಒಪ್ಪುವ ಕೆಲಸ. ಗೇಟಿನ ತಗಡು ಬೇಡ, 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ತಗಡು ತನ್ನಿ, ಅದು ಸುಮಾರು 0.9 ಮಿ.ಮೀ. ಇರುತ್ತದೆ. ತುಕ್ಕು ತಿಂದ ಬಲಬದಿಯ ಮುಚ್ಚಳದಿಂದಲೇ ರಟ್ಟಿನ ಅಚ್ಚು ತೆಗೆದು, ಅದನ್ನು ಗಾಡಿಗೆ ಹಿಡಿದು ನೋಡಿ, ಎಡಬದಿಗೆ ಮಗುಚಿ ಎಲ್ಲಿ ಬೇರೆಯಾಗಬೇಕೋ ಅಲ್ಲಿ ತಿದ್ದಿದ ಮೇಲೆ ತಗಡಿಗೆ ಕತ್ತರಿ ಹಾಕಿ. ಉಬ್ಬಿನ ಆಕಾರ ಬರಲು ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಬಡಿಯಬೇಕು. ನಡುವೆ ಬಡಿದರೆ ಗುಂಡಿ ಬೀಳುತ್ತದೆಯೇ ಹೊರತು ಉಬ್ಬು ಬರುವುದಿಲ್ಲ. ಬಕೆಟ್ ಮಾಡುವವರು ಬಾಯಿಗೆ ಕಂಬಿ ಸುತ್ತಿ ತಗಡು ಮಡಿಸುತ್ತಾರಲ್ಲ, ಅದೇ ರೀತಿ ಅಂಚಿಗೆ 3 ಮಿ.ಮೀ. ಕಂಬಿ ಕೊಟ್ಟು ಮಡಿಸಿದರೆ ಮುಚ್ಚಳ ನಡುಕಕ್ಕೆ ಬಿರುಕು ಬಿಡುವುದಿಲ್ಲ. ಬೋಲ್ಟ್ ಹಾಯುವ ತೂತುಗಳಿಗೆ ರಬ್ಬರ್ ಗ್ರಾಮೆಟ್ ಹಾಕಿ, ಬಿರುಕು ಶುರುವಾಗುವುದು ಅಲ್ಲಿಂದಲೇ. ಸೀಟಿನ ತಳಕ್ಕೆ 18 ಗೇಜು ತೆಗೆದುಕೊಂಡು ಉದ್ದಕ್ಕೆ ಎರಡು ಏಣು ಮಡಿಸಿ, ನೀರು ಇಳಿಯಲು ನಾಲ್ಕಾರು ತೂತು ಬಿಡಿ.

ಟ್ಯಾಂಕಿನ ವಿಷಯದಲ್ಲಿ ನಿಮ್ಮ ವೆಲ್ಡಿಂಗ್ ಸೆಟ್ಟನ್ನು ದಯವಿಟ್ಟು ದೂರ ಇಡಿ. ವರ್ಷಗಟ್ಟಲೆ ಖಾಲಿ ಇದ್ದ ಟ್ಯಾಂಕಿನ ಮೂಲೆಯಲ್ಲೂ ಪೆಟ್ರೋಲಿನ ಆವಿ ಉಳಿದಿರುತ್ತದೆ, ಕಿಡಿ ತಾಗಿದರೆ ಟ್ಯಾಂಕು ಸಿಡಿಯುತ್ತದೆ. ಅದರ ತಗಡು ಎಷ್ಟು ತೆಳುವೆಂದರೆ ಆರ್ಕ್ ಹಿಡಿದರೆ ತೂತು ದೊಡ್ಡದಾಗುತ್ತದೆ. ಸೂಜಿಮೊನೆಯಷ್ಟು ತೂತುಗಳಿದ್ದರೆ ರೇಡಿಯೇಟರ್ ರಿಪೇರಿ ಮಾಡುವವರಲ್ಲಿ ಟ್ಯಾಂಕನ್ನು ನೀರಿನಿಂದ ಚೆನ್ನಾಗಿ ತೊಳೆಸಿ ಬೆಸುಗೆ ಹಾಕಿಸಿ. ತುಕ್ಕು ತೆಗೆಯಲು ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪಿನಂತೆ ಕರಗಿಸಿ, ಟ್ಯಾಂಕು ತುಂಬ ಸುರಿದು ಒಂದು ರಾತ್ರಿ ಬಿಡಿ. ಬೆಳಗ್ಗೆ ಚೆಲ್ಲಿ, ವಾಷಿಂಗ್ ಸೋಡಾ ನೀರಿನಿಂದ ಹುಳಿ ಮುರಿದು, ತೊಳೆದು, ಆ ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ ಒಳಗೆಲ್ಲ ಟೂಟಿ ಎಣ್ಣೆ ಆಡಿಸಿ. ಒಂದು ಗಂಟೆ ಒದ್ದೆ ಬಿಟ್ಟರೂ ಕೆಂಪು ಮರಳಿ ಬರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆದುವಾಗಿಸುತ್ತದೆ. ಪೆಟ್ರೋಲ್ ಪೈಪು, ಕಾಕ್‌ನ ವಾಷರ್‌ಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಾಯಿಸಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿ.

ಸೈಲೆನ್ಸರ್‌ನ ಒಳಗೆ ಸದ್ದು ಅಡಗಿಸುವ ತೂತಿನ ಕೊಳವೆ, ಅಂದರೆ ಬ್ಯಾಫಲ್, ಕೊಳೆತಿದ್ದರೆ ಅದೇ ಉದ್ದ, ಅಷ್ಟೇ ತೂತುಗಳಿರುವಂತೆ ಹೊಸದು ಮಾಡಿ ಹಾಕಿ. ಬ್ಯಾಫಲ್ ತೆಗೆದು ಓಡಿಸಿದರೆ ಸದ್ದು ಹೆಚ್ಚುತ್ತದೆ, ಎಳೆತ ಕಡಿಮೆಯಾಗುತ್ತದೆ. ಮಸಿ ಕರಗಿಸಲು ಕಾಸ್ಟಿಕ್ ಸೋಡಾ ಬಳಸುವಿರಾದರೆ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಅದೇ ನೀರಿಗೆ ಅಲ್ಯುಮಿನಿಯಂನ ಹೆಡ್ಡನ್ನಾಗಲಿ ಪಿಸ್ಟನ್ನನ್ನಾಗಲಿ ಹಾಕಬೇಡಿ, ಅದು ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತದೆ.

ಬೆಂಗಳೂರು_ಟೂಸ್ಟ್ರೋಕ್

ಚೇಸಿಸ್ ಕತ್ತರಿಸುವ ವಿಚಾರಕ್ಕೆ ಇಬ್ಬರೂ ಉತ್ತರಿಸಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಕತ್ತರಿಸಬೇಡಿ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿಯ ಭಾರವನ್ನು ಹೊರುವುದು ಆ ಹಿಂಭಾಗವೇ. ಅದಕ್ಕಿಂತ ಮುಖ್ಯವಾಗಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸುವ ಹಾಗಿಲ್ಲ. ಮೂಲದ ಆಕಾರದಲ್ಲಿಯೇ ಮಾಡಿದ ಮುಚ್ಚಳ, ಸೀಟಿನ ತಳಗಳಿಗೆ ಯಾರೂ ಆಕ್ಷೇಪಿಸುವುದಿಲ್ಲ. ಕತ್ತರಿಸಿದ ಚೇಸಿಸ್ ತೆಗೆದುಕೊಂಡು ತಪಾಸಣೆಗೆ ಹೋದರೆ ನೀವು ಮಾಡಿದ ಎಲ್ಲ ಕೆಲಸವೂ ಅಲ್ಲಿ ನಿಂತುಹೋಗುತ್ತದೆ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಆರ್.ಸಿ. ಯಾವ ವರ್ಷಕ್ಕೆ ನಿಂತಿದೆ ನೋಡಿಕೊಳ್ಳಿ. ನವೀಕರಣದ ಅರ್ಜಿ 25ನೇ ನಮೂನೆಯದು. ಶುಲ್ಕ, ತಡವಾದುದಕ್ಕೆ ದಂಡ, ಹಸಿರು ತೆರಿಗೆ, ವಿಮೆ, ಹೊಗೆ ಪರೀಕ್ಷೆ ಇವುಗಳಿಗೆ ಹಣವನ್ನು ಮೊದಲೇ ಬೇರೆ ಇಡಿ. 50 ವರ್ಷ ದಾಟಿದ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ದಾರಿ ಇದೆಯಾದರೂ ನಿಮ್ಮದಕ್ಕೆ ಆ ವಯಸ್ಸಾಗುವುದು 2034ಕ್ಕೆ. ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ.

ಕೆಲಸ ಶುರುಮಾಡುವ ಮೊದಲು ಚೇಸಿಸ್ ಮತ್ತು ಎಂಜಿನ್ ಸಂಖ್ಯೆಗಳ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಆ ಜಾಗಕ್ಕೆ ಗ್ರೈಂಡರ್ ತಾಗಬಾರದು, ಪುಟ್ಟಿ ತುಂಬಬಾರದು. ನನ್ನ ಪರಿಚಯದವರೊಬ್ಬರು ಚೇಸಿಸ್ ಸಂಖ್ಯೆಯ ಮೇಲೆ ದಪ್ಪ ಪೌಡರ್ ಕೋಟಿಂಗ್ ಮಾಡಿಸಿ, ಅದನ್ನು ಕೆರೆದು ತೋರಿಸುವುದರೊಳಗೆ ಎರಡು ತಿಂಗಳು ಅಲೆದಾಡಿದರು. ಬಣ್ಣವೂ ಆರ್.ಸಿ.ಯಲ್ಲಿ ನಮೂದಾಗಿರುತ್ತದೆ, ಮೂಲದ ಬಣ್ಣವನ್ನೇ ಹೊಡೆಸಿದರೆ ಒಂದು ಕೆಲಸ ಕಡಿಮೆ.

ತಿಪಟೂರು_ರೋಡ್‌ಕಿಂಗ್

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ. ಚೇಸಿಸ್‌ಗೆ ಗ್ರೈಂಡರ್ ತಾಗಿಸಲಿಲ್ಲ. ತಂದೆಯವರು ಹಿಂದೆ ಕೂರಬೇಕೆಂದು ಹೇಳಿದ ಮೇಲೆ ಗಿಡ್ಡ ಸೀಟಿನ ಮಾತೂ ಮುಗಿಯಿತು. ನೇರವಾದ ಮೂಲ ಹ್ಯಾಂಡಲ್ ಒಂದು ಗುಜರಿಯಲ್ಲಿ ಸಿಕ್ಕಿತು. ಎಡಬದಿಯ ಮುಚ್ಚಳವನ್ನು ಮೂರು ಸಲ ಮಾಡಬೇಕಾಯಿತು. ಮೊದಲೆರಡರಲ್ಲಿ ನಡುವಿನಿಂದ ಬಡಿದು ಕೆಡಿಸಿದೆ, ಮೂರನೆಯದು ಕೂತಿದೆ.

ಮೈಸೂರಿನವರು ಹೇಳಿದ ಗಾಳಿಯ ಪರೀಕ್ಷೆಗೆ ವಿಶೇಷವಾಗಿ ಕೃತಜ್ಞನಾಗಿದ್ದೇನೆ. ಹೊಸ ಸೀಲ್‌ಗಳನ್ನು ಹಾಕಿದ್ದರೂ ಗೇಜ್ ಅರ್ಧ ನಿಮಿಷದಲ್ಲಿ 6ರಿಂದ 3ಕ್ಕೆ ಇಳಿಯಿತು. ಸೋಪಿನ ನೀರು ಬಳಿದಾಗ ಪಾಯಿಂಟ್ ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಬಿಚ್ಚಿ ನೋಡಿದರೆ, ಕ್ರ್ಯಾಂಕ್‌ನ ಚೂಪಾದ ಅಂಚಿನ ಮೇಲೆ ಸೀಲನ್ನು ಹಾಗೆಯೇ ತಳ್ಳಿದ್ದರಿಂದ ಅದರ ತುಟಿ ಮಡಚಿಕೊಂಡಿತ್ತು. ಎರಡನೆಯ ಸಲ ಆ ಅಂಚಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಗ್ರೀಸ್ ಹಚ್ಚಿ ಸೀಲ್ ಜಾರಿಸಿದೆ. ಈಗ ಐದು ನಿಮಿಷ ಕಾದರೂ ಮುಳ್ಳು ಕದಲುವುದಿಲ್ಲ. ಇದುವರೆಗೆ 31,500 ರೂಪಾಯಿ ಖರ್ಚಾಗಿದೆ, ಟಯರ್ ಮತ್ತು ನವೀಕರಣ ಬಾಕಿ. ಎಂಜಿನ್ ಇನ್ನೂ ಬೆಂಚಿನ ಮೇಲಿದೆ, ಈ ಭಾನುವಾರ ಚೇಸಿಸ್‌ಗೆ ಏರಿಸುತ್ತೇನೆ.